ಆ ಚೀಲದಲ್ಲಿ ಏನಿದೆ? ವಿದೇಶದ ಸ್ಟೆಮ್ ಸೆಲ್ ಕ್ಲಿನಿಕ್ ಆರಿಸುವ ಮುಂಚೆ

ಎಲ್ಲರಿಗೂ ನಮಸ್ಕಾರ. ಒಂದು ಸಭೆಯಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯೆ ಅಲ್ಲ. ಬೋನ್ ಮ್ಯಾರೋ (ಮೂಳೆಮಜ್ಜೆ) ಕಸಿ ಮಾಡುವ ಆಸ್ಪತ್ರೆಯ ಲ್ಯಾಬಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ದಾನಿಯಿಂದ ಬಂದ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳನ್ನು ಹುಟ್ಟಿಸಬಲ್ಲ ಮೂಲಕೋಶ) ಎಣಿಸುವುದು, ಚೀಲಕ್ಕೆ ತುಂಬಿ ಲಿಕ್ವಿಡ್ ನೈಟ್ರೋಜನ್ ತೊಟ್ಟಿಯಲ್ಲಿ ಇಡುವುದು, ಬೇಕಾದ ದಿನ ತೆಗೆದು ಕೊಡುವುದು ನನ್ನ ಕೆಲಸವಾಗಿತ್ತು. ತೊಟ್ಟಿಯೊಳಗೆ ಮೈನಸ್ 196 ಡಿಗ್ರಿ ಚಳಿ. ಅಲ್ಲಿಂದ ತೆಗೆದ ಚೀಲವನ್ನು 37 ಡಿಗ್ರಿ ನೀರಿನಲ್ಲಿ ಕರಗಿಸುತ್ತೇವೆ. ಕರಗಿದ ಮೇಲೆ ಜಾಸ್ತಿ ಹೊತ್ತು ಇಡುವ ಹಾಗಿಲ್ಲ. ಸೆಲ್‌ಗಳು ಹೆಪ್ಪುಗಟ್ಟುವಾಗ ಒಡೆಯದಿರಲಿ ಅಂತ ಹಾಕಿದ ದ್ರಾವಣವೇ ಹೊತ್ತು ಕಳೆದಂತೆ ಅವುಗಳಿಗೆ ವಿಷವಾಗುತ್ತದೆ. ಆ ದ್ರಾವಣದಿಂದ ರೋಗಿಯ ಉಸಿರಿನಲ್ಲಿ ಒಂದೆರಡು ದಿನ ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ.

ಚೀಲ ಕೈಗೆ ಬಂದ ಕೂಡಲೇ ಯಾರೂ ರೋಗಿಗೆ ಏರಿಸುವುದಿಲ್ಲ. ಇಬ್ಬರು ನಿಂತು ಅದರ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದುತ್ತಾರೆ. ಯಾರ ಸೆಲ್, ಯಾರಿಗೆ ಕೊಡಬೇಕು, ದೇಹದ ಯಾವ ಭಾಗದಿಂದ ತೆಗೆದದ್ದು, ಎಷ್ಟು ಸೆಲ್ ಇದೆ, ಎಷ್ಟು ಜೀವಂತ, ಸೋಂಕಿನ ಪರೀಕ್ಷೆ ಏನು ಹೇಳಿತು. ಒಂದಕ್ಷರ ತಪ್ಪಿದ್ದರೂ ಕೆಲಸ ನಿಲ್ಲುತ್ತದೆ. ಅದೇ ಚೀಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಮಾತಾಡುತ್ತೇನೆ. ಯಾಕೆ ಅಂದರೆ ನನ್ನನ್ನು ಹುಡುಕಿಕೊಂಡು ಬರುವ ಬಹಳ ಜನರ ಪ್ರಶ್ನೆ ಒಂದೇ. "ಮೇಡಂ, ಸ್ಟೆಮ್ ಸೆಲ್‌ಗೆ ವಿದೇಶದಲ್ಲಿ ಯಾವ ಕ್ಲಿನಿಕ್ ಒಳ್ಳೇದು? ಖರ್ಚು ಸ್ವಲ್ಪ ಕಡಿಮೆ ಇರಲಿ." ನಾನು ಯಾವ ಕ್ಲಿನಿಕ್ಕಿನ ಹೆಸರನ್ನೂ ಹೇಳುವುದಿಲ್ಲ. ಅವರು ನಿಮಗೆ ಕೊಡುವ ಚೀಲದ ಮೇಲೆ ಏನು ಬರೆದಿದೆ ಅಂತ ಕೇಳಿ ಅನ್ನುತ್ತೇನೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಸ್ಟೆಮ್ ಸೆಲ್ ಅನ್ನುವ ಒಂದೇ ಹೆಸರಿನಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಚಿಕಿತ್ಸೆಗಳು ನಡೆಯುತ್ತಿವೆ. ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳ ಕಸಿ ಹಳೆಯದು, ಗಟ್ಟಿಯಾದದ್ದು. ಅಮೆರಿಕದ ವೈದ್ಯ ಇ. ಡೊನಾಲ್ ಥಾಮಸ್ ಅವರು 1957ರಲ್ಲಿ ಬೋನ್ ಮ್ಯಾರೋವನ್ನು ರಕ್ತನಾಳದ ಮೂಲಕ ಕೊಟ್ಟ ಪ್ರಯತ್ನಗಳ ವರದಿ ಬರೆದರು. ಆ ಮೊದಲ ರೋಗಿಗಳು ಉಳಿಯಲಿಲ್ಲ. ದಶಕಗಟ್ಟಲೆ ಕೆಲಸ ಮಾಡಿ ಅದನ್ನು ನಿಜವಾದ ಚಿಕಿತ್ಸೆಯಾಗಿ ಮಾಡಿದರು, 1990ರಲ್ಲಿ ಅವರಿಗೆ ನೊಬೆಲ್ ಬಂತು. 1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲುಕ್ಮನ್ ಅವರ ತಂಡ ಹೊಕ್ಕುಳಬಳ್ಳಿಯ ರಕ್ತದಿಂದ ಮೊದಲ ಕಸಿ ಮಾಡಿತು. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ, ಸಿಕಲ್ ಸೆಲ್, ಹುಟ್ಟಿನಿಂದ ಬರುವ ಕೆಲವು ರೋಗನಿರೋಧಕ ದೋಷಗಳಿಗೆ ಇದು ಇವತ್ತು ಸಾಮಾನ್ಯ ಚಿಕಿತ್ಸೆ. ಇಂಥ ಕಸಿಗೆ ಬೇರೆ ದೇಶಕ್ಕೆ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಎಷ್ಟೋ ದೇಶಗಳಲ್ಲಿ ಕಸಿ ಕೇಂದ್ರವೇ ಇಲ್ಲ.

ಇನ್ನೊಂದು ಕಡೆ ಮಂಡಿನೋವು, ಲಕ್ವ, ಬೆನ್ನುಹುರಿ ಪೆಟ್ಟು, ಆಟಿಸಂ, ಪಾರ್ಕಿನ್ಸನ್, ಕಣ್ಣಿನ ಮ್ಯಾಕ್ಯುಲಾ (ನೇರ ನೋಟಕ್ಕೆ ಬೇಕಾದ ಒಳಭಾಗ) ಸವೆತ, ಮಧುಮೇಹ, ಮುಪ್ಪು, ಹೀಗೆ ಎಲ್ಲದಕ್ಕೂ ಒಂದೇ ಡ್ರಿಪ್ ಹಾಕುವ ಕ್ಲಿನಿಕ್‌ಗಳಿವೆ. ಹೊಟ್ಟೆಯ ಕೊಬ್ಬಿನಿಂದ ತೆಗೆದದ್ದು, ಹೊಕ್ಕುಳಬಳ್ಳಿಯಿಂದ ಬೆಳೆಸಿದ್ದು, ಭ್ರೂಣದಿಂದ ತಂದದ್ದು ಅನ್ನುತ್ತಾರೆ. ಹಣ ತೆಗೆದುಕೊಂಡು ಕೊಡಬಹುದಾದಷ್ಟು ಪುರಾವೆ ಈ ಬಹುತೇಕ ಚಿಕಿತ್ಸೆಗಳಿಗೆ ಇಲ್ಲ. ಒಬ್ಬನೇ ವೈದ್ಯ, ಒಂದೇ ಬಾಟಲಿ, ನೂರು ರೋಗ ಅಂದಾಗ ಯಾರಿಗಾದರೂ ಅನುಮಾನ ಬರಬೇಕು, ಅಲ್ವಾ?

ಇಲ್ಲಿ ಹೆಚ್ಚು ಕೇಳಿಬರುವ ಹೆಸರು ಮೆಸೆಂಕೈಮಲ್ ಸ್ಟೆಮ್ ಸೆಲ್, ಮೂಳೆಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಯಲ್ಲಿ ಸಿಗುವ ಒಂದು ಬಗೆಯ ಸೆಲ್. ಈ ಹೆಸರು ಇಟ್ಟವರು ಅಮೆರಿಕದ ಜೀವವಿಜ್ಞಾನಿ ಆರ್ನಲ್ಡ್ ಕ್ಯಾಪ್ಲನ್, 1991ರಲ್ಲಿ. ಅವರೇ 2017ರಲ್ಲಿ ಈ ಹೆಸರು ಬದಲಿಸಬೇಕು ಅಂತ ಬರೆದರು. ಸ್ಟೆಮ್ ಸೆಲ್ ಅಂದ ಕೂಡಲೇ ಅದು ಮೈಗೆ ಹೋಗಿ ಹೊಸ ಅಂಗಾಂಶ ಕಟ್ಟುತ್ತದೆ ಅಂತ ಜನ ನಂಬುತ್ತಾರೆ, ಆ ನಂಬಿಕೆಯ ಮೇಲೆ ವ್ಯಾಪಾರ ನಡೆಯುತ್ತಿದೆ ಅನ್ನುವುದು ಅವರ ಚಿಂತೆ. ಕೈ ನರಕ್ಕೆ ಡ್ರಿಪ್ ಹಾಕಿದರೆ ಈ ದೊಡ್ಡ ಸೆಲ್‌ಗಳು ಮೊದಲು ಹೋಗಿ ಸಿಕ್ಕಿಕೊಳ್ಳುವುದು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ. ಮಿದುಳನ್ನೋ ಮಂಡಿಯನ್ನೋ ಹುಡುಕಿಕೊಂಡು ಹೋಗಿ ರಿಪೇರಿ ಮಾಡುತ್ತವೆ ಅನ್ನುವ ಚಿತ್ರ ಜಾಹೀರಾತಿನಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಹಾಗಂತ ಈ ಸೆಲ್‌ಗಳೆಲ್ಲ ನಿಷ್ಪ್ರಯೋಜಕ ಅಂತ ನಾನು ಹೇಳುತ್ತಿಲ್ಲ. ಮೂಳೆಮಜ್ಜೆಯ ಇಂಥ ಸೆಲ್‌ಗಳಿಂದ ತಯಾರಿಸಿದ ಒಂದು ಔಷಧಕ್ಕೆ ಅಮೆರಿಕದ ಔಷಧ ಪ್ರಾಧಿಕಾರ ಎಫ್‌ಡಿಎ 2024ರ ಡಿಸೆಂಬರ್‌ನಲ್ಲಿ ಅನುಮತಿ ಕೊಟ್ಟಿತು. ಯಾವುದಕ್ಕೆ ಗೊತ್ತಾ? ಕಸಿ ಆದ ಮೇಲೆ ದಾನಿಯ ಸೆಲ್‌ಗಳು ರೋಗಿಯ ಮೈಮೇಲೇ ತಿರುಗಿಬಿದ್ದು, ಸ್ಟೀರಾಯ್ಡ್‌ಗೂ ಬಗ್ಗದೆ ಹೋದಾಗ, ಅದೂ ಮಕ್ಕಳಿಗೆ ಮಾತ್ರ. ಯುರೋಪಿನಲ್ಲಿ 2015ರಲ್ಲಿ ಅನುಮತಿ ಪಡೆದ ಹೋಲೋಕ್ಲಾರ್ ಕೂಡ ಹಾಗೇ. ಸುಟ್ಟ ಗಾಯದಿಂದ ಕಣ್ಣಿನ ಕರಿಗುಡ್ಡೆಯ ಅಂಚಿನ ಸ್ಟೆಮ್ ಸೆಲ್ ಹಾಳಾದವರಿಗೆ ಮಾತ್ರ ಅದು. ನಿಜವಾದ ಚಿಕಿತ್ಸೆಯ ಗುರುತೇ ಈ ಕಿರಿದುತನ. ಇಂಥ ರೋಗ, ಇಂಥ ಹಂತ, ಇಂಥ ವಯಸ್ಸು ಅಂತ ಗೆರೆ ಹಾಕಿರುತ್ತಾರೆ. ನಿಮ್ಮ ರಿಪೋರ್ಟ್ ಸರಿಯಾಗಿ ನೋಡದೆ "ಬನ್ನಿ, ನೀವು ಅರ್ಹರು" ಅನ್ನುವ ಕ್ಲಿನಿಕ್‌ಗೆ ಆ ಗೆರೆ ಇಲ್ಲ. ಒಳ್ಳೆಯ ಕೇಂದ್ರ ಎಷ್ಟೋ ಜನರನ್ನು ಬೇಡ ಅಂತ ವಾಪಸ್ ಕಳಿಸುತ್ತದೆ. ನಿಮ್ಮಂಥ ಎಷ್ಟು ಜನರಿಗೆ ಬೇಡ ಅಂದಿದ್ದೀರಿ, ಯಾಕೆ ಅಂದಿರಿ ಅಂತ ಧೈರ್ಯವಾಗಿ ಕೇಳಿ.

ಮಲ್ಟಿಪಲ್ ಸ್ಕ್ಲೆರೋಸಿಸ್ (ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಯ ನರಗಳ ಮೇಲೆ ತಿರುಗಿಬೀಳುವ ರೋಗ) ಇರುವವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಇದರಲ್ಲಿ ಗೊಂದಲ ತುಂಬಾ ಜಾಸ್ತಿ. ಕೀಮೋಥೆರಪಿ ಕೊಟ್ಟು, ಹಳೆಯ ರೋಗನಿರೋಧಕ ವ್ಯವಸ್ಥೆಯನ್ನು ಅಳಿಸಿ, ರೋಗಿಯದೇ ರಕ್ತದ ಸ್ಟೆಮ್ ಸೆಲ್‌ನಿಂದ ಹೊಸದಾಗಿ ಬೆಳೆಸುವ ಕಸಿ ಒಂದಿದೆ. ಪದೇ ಪದೇ ಮರುಕಳಿಸುವ, ಔಷಧಕ್ಕೆ ಬಗ್ಗದ ರೋಗದಲ್ಲಿ ಅದಕ್ಕೆ ಒಳ್ಳೆಯ ಪುರಾವೆ ಇದೆ. 2019ರಲ್ಲಿ ಪ್ರಕಟವಾದ, 110 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ಔಷಧ ಮುಂದುವರಿಸಿದವರಿಗಿಂತ ಕಸಿ ಆದವರಲ್ಲಿ ರೋಗ ಮುಂದುವರಿದದ್ದು ಬಹಳ ಕಡಿಮೆ. ಆದರೆ ಇದು ಕಠಿಣ ಚಿಕಿತ್ಸೆ. ಕೂದಲು ಉದುರುತ್ತದೆ, ವಾರಗಟ್ಟಲೆ ಸೋಂಕಿನ ಭಯ, ಮಕ್ಕಳಾಗುವ ಶಕ್ತಿಗೂ ಪೆಟ್ಟು ಬೀಳಬಹುದು. ಅದೇ ರೋಗಕ್ಕೆ ಇನ್ನೊಂದು ಕ್ಲಿನಿಕ್ ಮೂರು ದಿನ ಡ್ರಿಪ್ ಹಾಕಿ, ಸಮುದ್ರ ತೀರದ ಹೋಟೆಲ್ಲಿನಲ್ಲಿ ಇಟ್ಟು ಕಳಿಸುತ್ತದೆ. ಎರಡನ್ನೂ ಜನ ಸ್ಟೆಮ್ ಸೆಲ್ ಅಂತಲೇ ಕರೆಯುತ್ತಾರೆ. ಮೊದಲನೆಯದರ ಅಂಕಿಅಂಶ ತೋರಿಸಿ ಎರಡನೆಯದನ್ನು ಮಾರುವವರೂ ಇದ್ದಾರೆ. ದಯವಿಟ್ಟು ಇದನ್ನು ಗಮನದಲ್ಲಿಡಿ.

ಈಗ ಚೀಟಿಗೆ ಬರೋಣ. ಮೊದಲ ಪ್ರಶ್ನೆ, ಯಾರ ಸೆಲ್?

ಲಕ್ವ ಹೊಡೆದಿದ್ದ 66 ವರ್ಷದ ಅಮೆರಿಕದವರೊಬ್ಬರು ಚೀನಾ, ಅರ್ಜೆಂಟೀನಾ, ಮೆಕ್ಸಿಕೋಗೆ ಹೋಗಿ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸ್ಟೆಮ್ ಸೆಲ್ ಚುಚ್ಚಿಸಿಕೊಂಡರು. ಪ್ರಯಾಣ ಎಲ್ಲ ಸೇರಿ ಹತ್ತಿರ ಹತ್ತಿರ 3,00,000 ಡಾಲರ್ ಖರ್ಚಾಯಿತು. ಆಮೇಲೆ ಬೆನ್ನು ನೋವು, ಕಾಲಿನ ಶಕ್ತಿ ಹೋಯಿತು, ಮೂತ್ರದ ಹಿಡಿತವೂ ತಪ್ಪಿತು. ಬೆನ್ನುಹುರಿಯಲ್ಲಿ ಗಡ್ಡೆ ಬೆಳೆದಿತ್ತು. ಪರೀಕ್ಷೆ ಮಾಡಿದರೆ ಆ ಗಡ್ಡೆ ಅವರ ಸೆಲ್‌ಗಳಿಂದ ಬೆಳೆದದ್ದಲ್ಲ, ಬೇರೆ ಯಾರದೋ. 2016ರಲ್ಲಿ ಅವರ ವೈದ್ಯರು ಇದನ್ನು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದರು. ಇದಕ್ಕೂ ಮುಂಚೆ 2009ರಲ್ಲಿ ಇನ್ನೊಂದು ವರದಿ ಬಂದಿತ್ತು. ಇಸ್ರೇಲಿನ ಒಬ್ಬ ಹುಡುಗ, ಹುಟ್ಟಿನಿಂದ ನರದ ರೋಗ. ಮಾಸ್ಕೋಗೆ ಕರೆದುಕೊಂಡು ಹೋಗಿ ಭ್ರೂಣದ ನರಕೋಶ ಹಾಕಿಸಿದ್ದರು. ನಾಲ್ಕು ವರ್ಷದ ಮೇಲೆ ಮಿದುಳಿನಲ್ಲಿ, ಬೆನ್ನುಹುರಿಯಲ್ಲಿ ಗಡ್ಡೆ ಸಿಕ್ಕಿತು. ಹುಡುಗನ ಗಡ್ಡೆಯಲ್ಲಿ ಹೆಣ್ಣಿನ ಸೆಲ್‌ಗಳಿದ್ದವು. ಕನಿಷ್ಠ ಇಬ್ಬರು ದಾನಿಗಳಿಂದ ಬಂದದ್ದು ಅಂತ ಲೆಕ್ಕ ಸಿಕ್ಕಿತು.

ಈ ಎರಡನೆಯದನ್ನು ಓದಿದ ದಿನ ನನಗೆ ಕೆಲಸ ಓಡಲಿಲ್ಲ. ನಮ್ಮ ಲ್ಯಾಬಿನಲ್ಲಿ ಒಂದು ಚೀಲದಲ್ಲಿ ಇಬ್ಬರ ಸೆಲ್ ಗೊತ್ತಿಲ್ಲದೆ ಸೇರಿಬಿಡುವುದು ಅಂದರೆ ಊಹಿಸಲೂ ಆಗದ ವಿಷಯ.

ಹಾಗಾಗಿ ದಾನಿಯನ್ನು ಯಾವ ಯಾವ ಸೋಂಕಿಗೆ ಪರೀಕ್ಷಿಸಿದಿರಿ, ಸೆಲ್‌ಗಳನ್ನು ಲ್ಯಾಬಿನಲ್ಲಿ ಎಷ್ಟು ಸಲ ಬೆಳೆಸಿದಿರಿ, ಬೆಳೆಸುವಾಗ ಅವುಗಳ ಕ್ರೋಮೋಸೋಮ್ ಕೆಟ್ಟಿಲ್ಲ ಅಂತ ನೋಡಿದಿರಾ ಅಂತ ಕೇಳಬೇಕು. "ನಿಮ್ಮದೇ ಸೆಲ್, ಅದಕ್ಕೇ ಅಪಾಯ ಇಲ್ಲ" ಅನ್ನುವುದೂ ಪೂರ್ತಿ ನಿಜವಲ್ಲ. ಫ್ಲೋರಿಡಾದ ಒಂದು ಕ್ಲಿನಿಕ್ಕಿನಲ್ಲಿ ಮ್ಯಾಕ್ಯುಲಾ ಸವೆತ ಇದ್ದ 3 ಮಹಿಳೆಯರಿಗೆ ಅವರದೇ ಕೊಬ್ಬಿನಿಂದ ತೆಗೆದದ್ದನ್ನು ಕಣ್ಣಿಗೆ ಚುಚ್ಚಿದರು. ಎರಡೂ ಕಣ್ಣಿಗೆ, ಒಂದೇ ದಿನ. ಹೋಗುವಾಗ ಮೂವರಿಗೂ ಸ್ವಲ್ಪವಾದರೂ ಕಾಣುತ್ತಿತ್ತು. ಆಮೇಲೆ ಮೂವರ ದೃಷ್ಟಿಯೂ ಬಹುಪಾಲು ಹೋಯಿತು. 2017ರಲ್ಲಿ ಆ ವರದಿ ಬಂತು. ತಲಾ 5,000 ಡಾಲರ್ ಕೊಟ್ಟಿದ್ದರು. ಯಾವ ಕಣ್ಣಿನ ಡಾಕ್ಟರೂ ಹೊಸ ಪ್ರಯೋಗವನ್ನು ಎರಡೂ ಕಣ್ಣಿಗೆ ಒಟ್ಟಿಗೆ ಮಾಡುವುದಿಲ್ಲ. ಇಂಥ ಸಣ್ಣ ವಿಷಯದಲ್ಲೇ ಕ್ಲಿನಿಕ್ಕಿನ ಗುಣ ಗೊತ್ತಾಗುತ್ತದೆ. ಅಂದ ಹಾಗೆ, ಇದು ನಡೆದದ್ದು ಅಮೆರಿಕದಲ್ಲಿ. ಮುಂದುವರಿದ ದೇಶ ಅನ್ನುವುದು ಗ್ಯಾರಂಟಿ ಅಲ್ಲ.

ಎರಡನೆಯ ಪ್ರಶ್ನೆ, ಎಷ್ಟು ಸೆಲ್, ಜೀವಂತ ಎಷ್ಟು? ನಮ್ಮಲ್ಲಿ ಕಸಿಗೆ ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸ್ಟೆಮ್ ಸೆಲ್ ಬೇಕು ಅಂತ ಲೆಕ್ಕ. ಎಣಿಸಿದ ಹಾಳೆ ಫೈಲಿನಲ್ಲಿ ಇರುತ್ತದೆ, ರೋಗಿ ಕೇಳಿದರೆ ತೋರಿಸುತ್ತೇವೆ. ಹೊಕ್ಕುಳಬಳ್ಳಿ, ಗರ್ಭಚೀಲದ ದ್ರವ ಅಂತ ಮಾರಿದ ಬಾಟಲಿಗಳನ್ನು ಸ್ವತಂತ್ರ ಲ್ಯಾಬ್‌ಗಳು ಪರೀಕ್ಷಿಸಿದಾಗ ಜೀವಂತ ಸ್ಟೆಮ್ ಸೆಲ್ಲೇ ಸಿಗದ ಉದಾಹರಣೆಗಳಿವೆ. ಈಗ ಎಕ್ಸೋಸೋಮ್ ಅಂತ ಹೊಸದೊಂದು ಬಂದಿದೆ. ಅದರಲ್ಲಿ ಸೆಲ್ ಇರುವುದೇ ಇಲ್ಲ, ಸೆಲ್‌ಗಳು ಹೊರಹಾಕುವ ಸಣ್ಣ ಕಣಗಳು ಮಾತ್ರ. ಅದನ್ನೂ ಸ್ಟೆಮ್ ಸೆಲ್ ಪಟ್ಟಿಯಲ್ಲೇ ಇಟ್ಟು ಬಿಲ್ ಮಾಡುತ್ತಾರೆ.

ಮೂರನೆಯದು ಶುದ್ಧತೆ. 2018ರಲ್ಲಿ ಅಮೆರಿಕದಲ್ಲಿ ಹೊಕ್ಕುಳಬಳ್ಳಿ ರಕ್ತದ ಉತ್ಪನ್ನ ಚುಚ್ಚಿಸಿಕೊಂಡ 12 ಜನರಿಗೆ ಬ್ಯಾಕ್ಟೀರಿಯಾ ಸೋಂಕಾಗಿ ಆಸ್ಪತ್ರೆ ಸೇರಿದರು. ಮೆಕ್ಸಿಕೋಗೆ ಹೋಗಿ ಚುಚ್ಚಿಸಿಕೊಂಡು ಬಂದ ಮೂವರು ಅಮೆರಿಕನ್ನರಿಗೆ ಮೈಕೋಬ್ಯಾಕ್ಟೀರಿಯಂ ಆಬ್ಸೆಸಸ್ ಅನ್ನುವ ಹಟಮಾರಿ ಸೋಂಕು ಬಂತು, ಆ ವರದಿ 2024ರದು. ಅದು ಒಂದು ವಾರದ ಮಾತ್ರೆಗೆ ಹೋಗುವುದಲ್ಲ. ತಿಂಗಳುಗಟ್ಟಲೆ ಹಲವು ಆಂಟಿಬಯಾಟಿಕ್ ಒಟ್ಟಿಗೆ ಬೇಕು. ಮೂವರಲ್ಲಿ ಒಬ್ಬರು ಹೋಗಿದ್ದು ಸುಮ್ನೆ ಮಂಡಿನೋವಿಗೆ.

ಕಾಗದಪತ್ರದ ವಿಷಯ ಚುರುಕಾಗಿ ಹೇಳುತ್ತೇನೆ. ಕ್ಲಿನಿಕ್‌ನವರು "ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ (ಪ್ರಯೋಗಗಳನ್ನು ನೋಂದಾಯಿಸುವ ಅಮೆರಿಕ ಸರ್ಕಾರದ ವೆಬ್‌ಸೈಟ್) ಪಟ್ಟಿಯಲ್ಲಿ ನಮ್ಮ ಹೆಸರಿದೆ" ಅಂದರೆ ಅದು ಅನುಮತಿ ಅಲ್ಲ, ನೋಂದಣಿ. ಫ್ಲೋರಿಡಾದ ಪ್ರಕರಣದಲ್ಲೂ ಆ ಪಟ್ಟಿಯಲ್ಲಿ ಹೆಸರಿತ್ತು. ನಿಜವಾದ ಪ್ರಯೋಗದಲ್ಲಿ ಸಾಮಾನ್ಯವಾಗಿ ಪ್ರಯೋಗದ ಔಷಧಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ದುಡ್ಡು ಕೊಟ್ಟು ಪ್ರಯೋಗಕ್ಕೆ ಸೇರಿ ಅಂದರೆ ಅಲ್ಲೇ ನಿಲ್ಲಿ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಜೆಸಿಐಯ ಮಾನ್ಯತೆ ಇದ್ದರೆ ಆಸ್ಪತ್ರೆಯ ಒಟ್ಟು ವ್ಯವಸ್ಥೆ ಚೆನ್ನಾಗಿದೆ ಅಂತ ಅರ್ಥ, ಆ ಚಿಕಿತ್ಸೆ ಕೆಲಸ ಮಾಡುತ್ತದೆ ಅಂತಲ್ಲ. ರಕ್ತದ ಸ್ಟೆಮ್ ಸೆಲ್ ಕಸಿಗೆ ಹೋಗುವವರು ಯುರೋಪಿನ ಜೇಸಿ ಅಥವಾ ಅಮೆರಿಕದ ಫ್ಯಾಕ್ಟ್ ಮಾನ್ಯತೆ ಇದೆಯಾ ನೋಡಿ. ಸೆಲ್ ತೆಗೆಯುವುದರಿಂದ ಲ್ಯಾಬಿನ ತನಕ ಎಲ್ಲವನ್ನೂ ಒಳಗೆ ಬಂದು ತಪಾಸಣೆ ಮಾಡುತ್ತಾರೆ. ನಾನು ಅಂಥ ತಪಾಸಣೆಗೆ ಕೂತವಳು. ತೊಟ್ಟಿಯ ಅಲಾರಾಂ ರಾತ್ರಿ ಹೊಡೆದರೆ ಯಾರ ಫೋನಿಗೆ ಬರುತ್ತದೆ ಅನ್ನುವ ತನಕ ಕೇಳಿದ್ದರು. ಸ್ಟೆಮ್ ಸೆಲ್ ಸಂಶೋಧಕರ ಅಂತರರಾಷ್ಟ್ರೀಯ ಸಂಘ ಐಎಸ್‌ಎಸ್‌ಸಿಆರ್ ರೋಗಿಗಳಿಗಾಗಿಯೇ ಒಂದು ಕೈಪಿಡಿ ಮಾಡಿದೆ. ಬಿಡುವು ಮಾಡಿಕೊಂಡು ಓದಿ.

ಗುಣವಾದವರ ವೀಡಿಯೊ ಬಗ್ಗೆ ಬಹಳ ಜನ ಕೇಳುತ್ತಾರೆ. ಅವರು ಸುಳ್ಳು ಹೇಳುತ್ತಾರೆ ಅಂತ ನಾನು ಅನ್ನುವುದಿಲ್ಲ. ಲಕ್ವ ಹೊಡೆದ ಮೊದಲ ತಿಂಗಳುಗಳಲ್ಲಿ ಚಿಕಿತ್ಸೆ ಏನೇ ಇರಲಿ, ಸ್ವಲ್ಪ ಚೇತರಿಕೆ ಆಗೇ ಆಗುತ್ತದೆ. ಮಂಡಿನೋವು ಏರಿಳಿಯುತ್ತದೆ, ತುಂಬಾ ಏರಿದಾಗಲೇ ಜನ ಕ್ಲಿನಿಕ್‌ಗೆ ಹೋಗುವುದು, ಆಮೇಲೆ ಇಳಿಯುತ್ತದೆ. ಬಹಳ ಕ್ಲಿನಿಕ್‌ಗಳು ಜೊತೆಗೆ ಒಳ್ಳೆಯ ಫಿಸಿಯೋಥೆರಪಿಯನ್ನೂ ಕೊಡುತ್ತವೆ, ಅದರ ಲಾಭ ಸೆಲ್‌ಗಳ ಲೆಕ್ಕಕ್ಕೆ ಸೇರುತ್ತದೆ. ಒಂದು ವರ್ಷದ ಮೇಲೆ ಅದೇ ವ್ಯಕ್ತಿ ಹೇಗಿದ್ದಾರೆ ಅಂತ ಆ ವೀಡಿಯೊದಲ್ಲಿ ಇರುವುದಿಲ್ಲ.

ಇನ್ನು ಖರ್ಚು. ಕ್ಲಿನಿಕ್ ಹೇಳುವ ಮೊತ್ತ ಖರ್ಚಿನ ಒಂದು ಭಾಗ ಅಷ್ಟೇ. ದಾನಿಯಿಂದ ಕಸಿ ಆದವರು ಸಾಮಾನ್ಯವಾಗಿ ಮೊದಲ 100 ದಿನ ಆಸ್ಪತ್ರೆಯ ಹತ್ತಿರವೇ ಇರಬೇಕಾಗುತ್ತದೆ. ಜೊತೆಗೆ ಇರುವವರ ಬಾಡಿಗೆ, ಅವರ ಕೆಲಸ ತಪ್ಪುವುದು, ಮತ್ತೆ ಮತ್ತೆ ರಕ್ತ ಪರೀಕ್ಷೆ, ಮತ್ತೆ ಆಸ್ಪತ್ರೆಗೆ ಸೇರಬೇಕಾದರೆ ಅದು, ಊರಿಗೆ ಬಂದ ಮೇಲೂ ತಿಂಗಳುಗಟ್ಟಲೆ ಔಷಧ, ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳನ್ನೆಲ್ಲ ಮತ್ತೆ ಹಾಕಿಸುವುದು. ಪ್ರವಾಸ ವಿಮೆ ಸಾಮಾನ್ಯವಾಗಿ ಇದಕ್ಕೆ ಬರುವುದಿಲ್ಲ, ಯಾಕೆಂದರೆ ನೀವು ಚಿಕಿತ್ಸೆಗೆ ಅಂತಲೇ ಹೋದವರು. ಪ್ಯಾಕೇಜ್ ಅಂದಾಗ ತೊಂದರೆಯಾದರೆ ಐಸಿಯು ಖರ್ಚು ಅದರೊಳಗೆ ಇದೆಯೋ ಹೊರಗೋ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕಡಿಮೆ ಮೊತ್ತ ಹೇಳಿದ ಕಡೆ ಇದು ಹೊರಗಿದ್ದರೆ, ಅದು ಕಡಿಮೆ ಅಲ್ಲ.

ಖರ್ಚಿನ ಬಗ್ಗೆ ಇನ್ನೊಂದು ಸಂತೋಷದ ವಿಷಯ. ದಾನಿ ಬೇರೆ ದೇಶದಲ್ಲಿ ಇದ್ದಾರೆ ಅಂದರೆ ನೀವು ಹೋಗಲೇಬೇಕು ಅಂತಿಲ್ಲ. ಒಡಹುಟ್ಟಿದವರ ಸೆಲ್ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದದಿದ್ದರೆ ಜಗತ್ತಿನ ದಾನಿಗಳ ಪಟ್ಟಿಗಳಲ್ಲಿ ಹುಡುಕುತ್ತಾರೆ. ಅವುಗಳಲ್ಲಿ ಈಗ 4 ಕೋಟಿಗೂ ಹೆಚ್ಚು ಜನ ಇದ್ದಾರೆ. ಹೊಂದುವ ದಾನಿ ಸಿಕ್ಕರೆ ಸೆಲ್‌ಗಳ ಚೀಲವೇ ವಿಮಾನದಲ್ಲಿ ಬರುತ್ತದೆ. ಒಬ್ಬರು ಅದನ್ನು ಪೆಟ್ಟಿಗೆಯಲ್ಲಿಟ್ಟು ಕೈಯಲ್ಲೇ ಹಿಡಿದು ತರುತ್ತಾರೆ, ಲಗೇಜಿಗೆ ಹಾಕುವುದಿಲ್ಲ. ಅಂಥ ಪೆಟ್ಟಿಗೆಯನ್ನು ನಾನು ನಡುರಾತ್ರಿ ಇಸಿದುಕೊಂಡಿದ್ದೇನೆ. ತಂದವರು ಊಟ ಮಾಡಿರಲಿಲ್ಲ, ಆದರೂ ಚೀಟಿ ಓದಿ ಸಹಿ ಆಗುವ ತನಕ ಕೂರಲಿಲ್ಲ.

ಕೊನೆಗೆ ಸಭೆಯಲ್ಲಿ ಒಬ್ಬ ತಾಯಿ ಎದ್ದು ಕೇಳಿದರು. "ನೀವು ಹೇಳಿದ್ದೆಲ್ಲ ಸರಿ. ನನ್ನ ಮಗನಿಗೆ ಬೆನ್ನುಹುರಿ ಪೆಟ್ಟು. ಇಲ್ಲಿನ ಡಾಕ್ಟರು ಇನ್ನೇನೂ ಇಲ್ಲ ಅಂದರು. ಆ ಕ್ಲಿನಿಕ್‌ನವರು ಇದೆ ಅನ್ನುತ್ತಾರೆ. ನಾನೇನು ಮಾಡಲಿ?"

ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಅಮ್ಮ, ಇನ್ನೇನೂ ಇಲ್ಲ ಅನ್ನುವ ಮಾತು ಕೇಳಿಸಿಕೊಂಡು ಸುಮ್ಮನೆ ಕೂರಲು ಯಾವ ತಾಯಿಗೂ ಆಗುವುದಿಲ್ಲ. ನೀವು ಹುಡುಕುವುದು ತಪ್ಪಲ್ಲ. ಸಂಶೋಧನೆಯೂ ನಿಂತಿಲ್ಲ. 2025ರಲ್ಲಿ ಟೈಪ್ 1 ಮಧುಮೇಹದ ಒಂದು ಪ್ರಯೋಗ ಪ್ರಕಟವಾಯಿತು. ಸ್ಟೆಮ್ ಸೆಲ್‌ನಿಂದ ಬೆಳೆಸಿದ ಇನ್ಸುಲಿನ್ ಕೋಶಗಳನ್ನು ಪೂರ್ತಿ ಪ್ರಮಾಣದಲ್ಲಿ ಪಡೆದ 12 ಜನರಲ್ಲಿ 10 ಜನರಿಗೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಅಗತ್ಯ ಇರಲಿಲ್ಲ. ಆ ರೋಗಿಗಳು ಯಾರೂ ಅದಕ್ಕೆ ಪ್ಯಾಕೇಜ್ ಕೊಂಡವರಲ್ಲ. ಬೆನ್ನುಹುರಿಗೂ ನಿಜವಾದ ಪ್ರಯೋಗಗಳಿವೆ. ಆದರೆ ಒಂದು ವಿಷಯ ಗೊತ್ತಿರಲಿ. ಹಣ ಕೊಟ್ಟು ಎಲ್ಲೋ ಒಂದು ಕಡೆ ಸೆಲ್ ಹಾಕಿಸಿಕೊಂಡು ಬಂದವರನ್ನು ಇಂಥ ಪ್ರಯೋಗಗಳು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಮೈಯಲ್ಲಿ ಮೊದಲೇ ಏನಿದೆ ಅಂತ ಅವರಿಗೆ ತಿಳಿಯುವುದಿಲ್ಲವಲ್ಲ. ಇವತ್ತು ಆತುರದಲ್ಲಿ ಹೋದರೆ ನಾಳೆಯ ಬಾಗಿಲು ಮುಚ್ಚಬಹುದು.

ನಿಮ್ಮ ಕ್ಲಿನಿಕ್‌ಗೆ ಒಂದು ಪತ್ರ ಬರೆಯಿರಿ. ಉದ್ದ ಬೇಡ. ಯಾರ ಸೆಲ್ ಹಾಕುತ್ತೀರಿ, ಎಲ್ಲಿಗೆ ಹಾಕುತ್ತೀರಿ, ನನ್ನ ಮಗನ ಹಾಗೆ ಪೆಟ್ಟಾದ ಎಷ್ಟು ಜನರಿಗೆ ಹಾಕಿದ್ದೀರಿ, ಒಂದು ವರ್ಷದ ಮೇಲೆ ಅವರ ಸ್ಥಿತಿ ಏನು, ಅದು ಯಾವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ, ನಿಮ್ಮ ದೇಶದ ಔಷಧ ಪ್ರಾಧಿಕಾರ ಕೊಟ್ಟ ಅನುಮತಿಯ ನಂಬರ್ ಏನು, ವಾಪಸ್ ಬಂದ ಮೇಲೆ ತೊಂದರೆಯಾದರೆ ಇಲ್ಲಿನ ವೈದ್ಯರ ಜೊತೆ ನಿಮ್ಮಲ್ಲಿ ಮಾತಾಡುವವರು ಯಾರು. ಇಷ್ಟೇ. ಫೋನಿನಲ್ಲಿ ಉತ್ತರ ಬೇಡ, ಬರವಣಿಗೆಯಲ್ಲೇ ಬೇಕು ಅನ್ನಿ. ಈ ವಾರದೊಳಗೆ ಕಟ್ಟಿದರೆ ರಿಯಾಯಿತಿ ಅಂದರೆ ಆ ಕ್ಲಿನಿಕ್ ಬಿಟ್ಟುಬಿಡಿ. ಉತ್ತರ ಬಂದರೆ ಅದನ್ನು ಮಗನನ್ನು ನೋಡುವ ವೈದ್ಯರಿಗೆ ತೋರಿಸಿ. ಅವರಿಗೆ ಬಿಡುವಿಲ್ಲದಿದ್ದರೆ ಯಾವುದೇ ಕಸಿ ಕೇಂದ್ರದ ಲ್ಯಾಬಿನವರಿಗೆ ತೋರಿಸಿ, ಚೀಟಿ ಓದುವುದು ನಮಗೆ ಅಭ್ಯಾಸ. ಅಲ್ಲಿಯ ತನಕ ಮುಂಗಡ ಕಟ್ಟಬೇಡಿ.